ವಕಾಲತ್ತು ಹಾಕಿ: ಮ್ಯಾನ್ಮಾರ್‌ನಿಂದ ಬಂದ ಕುಟುಂಬದ ಕೇಸಿನ ಬಗ್ಗೆ

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ಚಿಕ್ಕಬಳ್ಳಾಪುರದಲ್ಲಿ ವಕೀಲಿ ವೃತ್ತಿ ಶುರು ಮಾಡಿ ಎರಡು ವರ್ಷ ಆಯಿತು. ಹೋದ ತಿಂಗಳು ಒಬ್ಬ ಹೆಂಗಸು ಆರು ವರ್ಷದ ಮಗನನ್ನು ಕರೆದುಕೊಂಡು ನಮ್ಮ ಆಫೀಸಿಗೆ ಬಂದರು. ಮ್ಯಾನ್ಮಾರ್‌ನ ಚಿನ್ ರಾಜ್ಯದ ಥಂಟ್ಲಾಂಗ್ ಎಂಬ ಊರಿನವರಂತೆ. ಸೇನೆ ಅಧಿಕಾರ ಹಿಡಿದ ಮೇಲೆ, 2021ರ ಕೊನೆಯಲ್ಲಿ ಮಿಜೋರಾಂ ಮೂಲಕ ಬಂದರಂತೆ. ಗಂಡ ಹೆಂಡತಿ ಇಬ್ಬರೂ ಇಲ್ಲೇ ಒಂದು ಗುಲಾಬಿ ತೋಟದಲ್ಲಿ ಕೆಲಸ ಮಾಡಿಕೊಂಡಿದ್ದರು. ಪಾಸ್‌ಪೋರ್ಟ್, ವೀಸಾ ಇಲ್ಲ ಎಂದು ಪೊಲೀಸರು ಗಂಡನನ್ನು ಹಿಡಿದು ಜೈಲಿಗೆ ಕಳಿಸಿದ್ದಾರೆ. ನಮ್ಮ ಸೀನಿಯರ್ “ಈ ದೇಶದಲ್ಲಿ ನಿರಾಶ್ರಿತರ ಕಾನೂನೇ ಇಲ್ಲ, ತಪ್ಪೊಪ್ಪಿಕೊಂಡು ದಂಡ ಕಟ್ಟಲಿ, ನೀನ್ಯಾಕಮ್ಮ ಸುಮ್ನೆ ತಲೆ ಕೆಡಿಸಿಕೊಳ್ಳುತ್ತೀಯ” ಎನ್ನುತ್ತಾರೆ. ಕೆನಡಾ, ಅಮೆರಿಕದಲ್ಲಿ ವಕೀಲರು ಆಶ್ರಯದ ಕೇಸು ಗೆಲ್ಲುತ್ತಾರೆ ಎಂದು ಓದಿದ್ದೇನೆ. ನಮ್ಮಲ್ಲಿ ಅಂಥ ಭರವಸೆ ಏನಾದರೂ ಇದೆಯಾ? ನಾನು ಈ ಕೇಸು ತೆಗೆದುಕೊಳ್ಳಲಾ?

ಉತ್ತರ: ತೆಗೆದುಕೊಳ್ಳಿ. ನಾಳೆಯೇ ಜೈಲಿಗೆ ಹೋಗಿ ವಕಾಲತ್ತಿಗೆ ಸಹಿ ಮಾಡಿಸಿಕೊಳ್ಳಿ. ಯಾರು ಏನೇ ಹೇಳಿದರೂ ತಪ್ಪೊಪ್ಪಿಗೆ ಕೊಡಬೇಡಿ ಎಂದು ಆತನಿಗೆ ಅರ್ಥವಾಗುವ ಹಾಗೆ ಹೇಳಿ ಬನ್ನಿ. ಮಿಕ್ಕಿದ್ದೆಲ್ಲ ಆಮೇಲೆ. (ನಿಮ್ಮ ಪತ್ರದಲ್ಲಿದ್ದ ಕೆಲವು ಗುರುತುಗಳನ್ನು ಬದಲಿಸಿ ಕೊಟ್ಟಿದ್ದೇನೆ. ಇಂಥ ಕಕ್ಷಿದಾರರ ಹೆಸರು, ವಿಳಾಸ ಯಾರ ಬಾಯಿಗೂ ಬೀಳದ ಹಾಗೆ ನೋಡಿಕೊಳ್ಳಿ.)

ತಪ್ಪೊಪ್ಪಿಗೆಯ ಬಗ್ಗೆ ಇಷ್ಟು ಗಟ್ಟಿಯಾಗಿ ಹೇಳಲು ಕಾರಣವಿದೆ. ಸುಮಾರು ಇಪ್ಪತ್ತು ವರ್ಷದ ಹಿಂದೆ ತುಮಕೂರಿನಲ್ಲಿ ಓದುತ್ತಿದ್ದ ಆಫ್ರಿಕಾದ ಒಬ್ಬ ಹುಡುಗನ ಕೇಸು ನನ್ನ ಬಳಿ ಬಂತು. ಅವನ ದೇಶದಲ್ಲಿ ಯುದ್ಧ ಹತ್ತಿಕೊಂಡು ಮನೆಯಿಂದ ದುಡ್ಡು ಬರುವುದು ನಿಂತಿತ್ತು. ಫೀಸು ಕಟ್ಟಲಾಗಲಿಲ್ಲ, ಕಾಲೇಜು ಪತ್ರ ಕೊಡಲಿಲ್ಲ, ವೀಸಾ ಮುಗಿಯಿತು. ತಪ್ಪೊಪ್ಪಿಕೊಂಡರೆ ಬೇಗ ಮುಗಿಯುತ್ತೆ ಎಂದು ನಾನೂ ಎಲ್ಲರ ಹಾಗೆ ಹೇಳಿದೆ. ಬೇಗ ಮುಗಿಯಿತು. ದಂಡ ಕಟ್ಟಿದ ವಾರದಲ್ಲೇ ಅವನನ್ನು ದೇಶದಿಂದ ಕಳಿಸುವ ಕಾಗದ ತಯಾರಾಯಿತು. ಹೋಗುವ ಮುಂಚೆ ಅವನು ನನ್ನನ್ನು ಕೇಳಿದ್ದು ಇಷ್ಟೇ: “ನಾನು ಯಾಕೆ ವಾಪಸ್ ಹೋಗಲಾರೆ ಅಂತ ನೀವು ಕೇಳಲೇ ಇಲ್ಲವಲ್ಲ?” ನಿಜ, ನಾನು ಕೇಳಿರಲಿಲ್ಲ. ಅವನ ಕೇಸೆಲ್ಲ ಆ ಒಂದು ಪ್ರಶ್ನೆಯಲ್ಲಿತ್ತು. ನಿಮ್ಮ ಕೇಸೂ ಅದರಲ್ಲೇ ಇದೆ.

ನಿಮ್ಮ ಸೀನಿಯರ್ ಹೇಳಿದ್ದು ಅರ್ಧ ಸರಿ. ನಿರಾಶ್ರಿತರ ಕುರಿತ 1951ರ ವಿಶ್ವಸಂಸ್ಥೆಯ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ಅದಕ್ಕೆ ಪೂರಕವಾಗಿ ಬಂದ 1967ರ ಪ್ರೊಟೊಕಾಲ್‌ಗೂ ಹಾಕಿಲ್ಲ. ನಿರಾಶ್ರಿತ ಯಾರು ಎಂದು ಹೇಳುವ ಪ್ರತ್ಯೇಕ ಕಾಯ್ದೆ ನಮ್ಮಲ್ಲಿಲ್ಲ. ಹಳೆಯ 1946ರ ವಿದೇಶಿಯರ ಕಾಯ್ದೆಯೂ ಸೇರಿ ನಾಲ್ಕು ಕಾಯ್ದೆಗಳನ್ನು ತೆಗೆದು, ಅವುಗಳ ಜಾಗಕ್ಕೆ ವಲಸೆ ಮತ್ತು ವಿದೇಶಿಯರ ಕಾಯ್ದೆ, 2025 ಬಂತು. ಅದು 2025ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿದೆ. ಪಾಸ್‌ಪೋರ್ಟ್, ವೀಸಾ ಇಲ್ಲದೆ ಒಳಬಂದರೆ 5 ವರ್ಷದವರೆಗೆ ಜೈಲು, ಅಥವಾ 5 ಲಕ್ಷದವರೆಗೆ ದಂಡ, ಅಥವಾ ಎರಡೂ. ನಾನು ವಿದೇಶಿಯಲ್ಲ ಎಂದು ತೋರಿಸುವ ಹೊಣೆಯೂ ಆ ವ್ಯಕ್ತಿಯ ಮೇಲೆಯೇ.

ಇನ್ನರ್ಧ ಸಂವಿಧಾನದಲ್ಲಿದೆ. 19ನೇ ವಿಧಿ ಓದಿ, ಅಲ್ಲಿ ‘ನಾಗರಿಕರು’ ಎಂದಿದೆ. ಅದೇ 14, 20, 21, 22ನೇ ವಿಧಿಗಳಿಗೆ ಬನ್ನಿ, ಅಲ್ಲಿರುವುದು ‘ವ್ಯಕ್ತಿ’. ಬರೆದವರು ತೂಗಿ ನೋಡಿಯೇ ಆ ಪದ ಇಟ್ಟಿದ್ದಾರೆ. ಇಂದಿನ ಬಾಂಗ್ಲಾದೇಶದ ಕಡೆಯಿಂದ ಬಂದು ಅರುಣಾಚಲದಲ್ಲಿದ್ದ ಚಕ್ಮಾ ಜನರನ್ನು ಓಡಿಸಲು ಹೊರಟಾಗ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸುಪ್ರೀಂ ಕೋರ್ಟಿಗೆ ಹೋಯಿತು. 1996ರಲ್ಲಿ ಕೋರ್ಟು, ನಾಗರಿಕನಿರಲಿ ಇಲ್ಲದಿರಲಿ ಪ್ರತಿ ಮನುಷ್ಯನ ಜೀವ ಕಾಪಾಡುವುದು ಸರ್ಕಾರದ ಹೊಣೆ ಎಂದಿತು. ಇರಾಕಿನಿಂದ ಬಂದ ಇಬ್ಬರ ಕೇಸಿನಲ್ಲಿ 1998ರಲ್ಲಿ ಗುಜರಾತ್ ಹೈಕೋರ್ಟು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಜೀವಕ್ಕೆ ಅಪಾಯವಿರುವ ಕಡೆಗೆ ಯಾರನ್ನೂ ತಳ್ಳಬಾರದು ಎಂಬ ತತ್ವ 21ನೇ ವಿಧಿಯೊಳಗೇ ಇದೆ ಎಂದಿತು. 2015ರಲ್ಲಿ ದೆಹಲಿ ಹೈಕೋರ್ಟಿಗೆ ಬಂದವರು ಚಿನ್ ಜನರೇ. ಅವರು ಡ್ರಗ್ಸ್ ಕೇಸಿನಲ್ಲಿ ಶಿಕ್ಷೆಗೆ ಒಳಗಾದವರು. ಅಂಥವರನ್ನೂ ಅವರ ಮಾತು ಕೇಳದೆ, ವಿಶ್ವಸಂಸ್ಥೆಯ ಕಚೇರಿಯನ್ನು ವಿಚಾರಿಸದೆ ಸುಮ್ಮನೆ ಕಳಿಸುವಂತಿಲ್ಲ ಎಂದು ಕೋರ್ಟು ಹೇಳಿತು.

ನಿಮ್ಮ ಕೇಸಿಗೆ ಎಲ್ಲಕ್ಕಿಂತ ಹತ್ತಿರದ್ದು ಮಣಿಪುರ ಹೈಕೋರ್ಟಿನ 2021ರ ಮೇ 3ರ ತೀರ್ಪು. ಫೆಬ್ರವರಿ 1ರಂದು ಮ್ಯಾನ್ಮಾರ್‌ನಲ್ಲಿ ಸೇನೆ ಅಧಿಕಾರ ಕಿತ್ತುಕೊಂಡ ಮೇಲೆ ಪತ್ರಕರ್ತರೂ ಸೇರಿ ಏಳು ಜನ ಗಡಿ ದಾಟಿ ಬಂದಿದ್ದರು. ಮಕ್ಕಳೂ ಇದ್ದರು. ಹಿರಿಯ ವಕೀಲೆ ನಂದಿತಾ ಹಕ್ಸರ್ ತಾವೇ ಅರ್ಜಿದಾರರಾಗಿ ಹೈಕೋರ್ಟಿಗೆ ಹೋದರು. ಇವರು ದೆಹಲಿಯಲ್ಲಿರುವ ಯುಎನ್‌ಎಚ್‌ಸಿಆರ್, ಅಂದರೆ ವಿಶ್ವಸಂಸ್ಥೆಯ ನಿರಾಶ್ರಿತರ ಕಚೇರಿಗೆ ಹೋಗಿ ಆಶ್ರಯ ಕೇಳಲು ಬಿಡಿ ಎನ್ನುವುದು ಅವರ ಬೇಡಿಕೆ. ಮುಖ್ಯ ನ್ಯಾಯಮೂರ್ತಿ ಸಂಜಯ್ ಕುಮಾರ್ ಅವರಿದ್ದ ಪೀಠ ಒಪ್ಪಿತು. ಒಳ್ಳೆ ಬದುಕು ಹುಡುಕಿಕೊಂಡು ಬರುವ ವಲಸೆಗಾರರೇ ಬೇರೆ, ಜೀವ ಉಳಿಸಿಕೊಳ್ಳಲು ಓಡಿಬಂದವರೇ ಬೇರೆ ಎಂದು ಆ ತೀರ್ಪಿನಲ್ಲಿದೆ. ಅದೇ ದೇಶ, ಅದೇ ವರ್ಷ, ಅದೇ ಕಾರಣ. ನಿಮ್ಮ ಅರ್ಜಿಗೆ ಮೊದಲು ಲಗತ್ತಿಸಬೇಕಾದ ಕಾಗದ ಇದು. ಕರ್ನಾಟಕ ಹೈಕೋರ್ಟು ಅದಕ್ಕೆ ಬದ್ಧವಲ್ಲ, ಆದರೆ ಕೈಗೆ ಕೊಟ್ಟರೆ ಓದದೆ ಇರುವುದಿಲ್ಲ.

ಇನ್ನು ಜಾಮೀನು. ಕೇಸು ಯಾವ ಕಾಯ್ದೆಯಡಿ ಹಾಕಿದ್ದಾರೆ ಎಂದು ಎಫ್‌ಐಆರ್ ನೋಡಿ. ಅವರು ಒಳಬಂದದ್ದು 2021ರಲ್ಲಿ. ಹೊಸ ಕಾಯ್ದೆ ಬಂದದ್ದು 2025ರಲ್ಲಿ. ಅಪರಾಧ ನಡೆದ ದಿನ ಇದ್ದ ಕಾನೂನಿಗಿಂತ ಜಾಸ್ತಿ ಶಿಕ್ಷೆ ಕೊಡುವಂತಿಲ್ಲ ಎನ್ನುತ್ತದೆ 20ನೇ ವಿಧಿ. ಅಲ್ಲೂ ‘ವ್ಯಕ್ತಿ’ ಎಂದೇ ಇದೆ. ಇದು ಇಂದಿಗೂ ಮುಂದುವರಿಯುತ್ತಿರುವ ಅಪರಾಧ ಎಂದು ಸರ್ಕಾರಿ ವಕೀಲರು ವಾದಿಸಬಹುದು, ಅದಕ್ಕೂ ತಯಾರಿರಿ. 7 ವರ್ಷದವರೆಗಿನ ಶಿಕ್ಷೆಯ ಕೇಸುಗಳಲ್ಲಿ ಪೊಲೀಸರು ಕಾರಣ ಬರೆಯದೆ ಬಂಧಿಸುವಂತಿಲ್ಲ ಎಂಬ 2014ರ ಅರ್ನೇಶ್ ಕುಮಾರ್ ತೀರ್ಪನ್ನೂ ಎತ್ತಿ.

ಜಾಮೀನಿನ ವಿಷಯದಲ್ಲಿ 2024ರ ಜುಲೈನಲ್ಲಿ ಒಂದು ದೊಡ್ಡ ಅನುಕೂಲ ಆಗಿದೆ. ವಿದೇಶಿಯರಿಗೆ ಜಾಮೀನು ಕೊಡುವಾಗ, ಇವನು ದೇಶ ಬಿಟ್ಟು ಓಡುವುದಿಲ್ಲ ಎಂದು ಅವರ ರಾಯಭಾರ ಕಚೇರಿಯಿಂದ ಪತ್ರ ತರಬೇಕು ಎನ್ನುವುದು ಹಳೆಯ ಷರತ್ತು. ಯೋಚಿಸಿ ನೋಡಿ. ಸೇನೆಗೆ ಹೆದರಿ ಓಡಿಬಂದವನು ಅದೇ ಸೇನೆಯ ಸರ್ಕಾರದ ಕಚೇರಿಗೆ ಹೋಗಿ ‘ನಾನು ಇಲ್ಲಿದ್ದೇನೆ, ಒಂದು ಪತ್ರ ಕೊಡಿ’ ಎನ್ನಬೇಕು. ಊರಲ್ಲಿ ಉಳಿದ ಅವನ ಅಪ್ಪ ಅಮ್ಮನ ಗತಿ? ಫ್ರಾಂಕ್ ವೈಟಸ್ ಎಂಬ ನೈಜೀರಿಯಾ ಪ್ರಜೆಯ ಕೇಸಿನಲ್ಲಿ ಸುಪ್ರೀಂ ಕೋರ್ಟು, ಇಂಥ ಪತ್ರ ಕೊಡುವುದು ಆರೋಪಿಯ ಕೈಯಲ್ಲಿಲ್ಲ, ಆದ್ದರಿಂದ ಅದು ಸಿಗಲಿಲ್ಲ ಎಂದು ಜಾಮೀನು ತಡೆಯಬಾರದು ಎಂದಿದೆ. ಗೂಗಲ್ ಮ್ಯಾಪ್‌ನಲ್ಲಿ ಸದಾ ತಾನಿರುವ ಜಾಗ ತೋರಿಸುತ್ತಿರಬೇಕು ಎಂಬ ಷರತ್ತನ್ನೂ ಅದೇ ತೀರ್ಪು ತೆಗೆದುಹಾಕಿತು. ನಿಮ್ಮ ತಾಲ್ಲೂಕು ಕೋರ್ಟಿನಲ್ಲಿ ಹಳೆಯ ಅಭ್ಯಾಸದಿಂದ ಆ ಷರತ್ತು ಕೇಳಿದರೆ ವಿನಯವಾಗಿ ತೀರ್ಪಿನ ಪ್ರತಿ ಕೊಡಿ.

ಶ್ಯೂರಿಟಿ ಕೊಡುವವರು ಸಿಗುವುದು ಕಷ್ಟ, ಗೊತ್ತು. ಪಹಣಿ ಹಿಡಿದುಕೊಂಡು ಬರುವ ನೆಂಟರು ಇವರಿಗೆ ಎಲ್ಲಿಂದ ಬರಬೇಕು? ನಗದು ಠೇವಣಿ ಕಟ್ಟಲು ಅವಕಾಶ ಕೇಳಿ. ಜಾಮೀನು ಸಿಕ್ಕಿ ಒಂದು ತಿಂಗಳಾದರೂ ಶ್ಯೂರಿಟಿ ಕೊಡಲಾಗದೆ ಒಳಗೇ ಉಳಿದವರ ಷರತ್ತು ಸಡಿಲಿಸುವುದನ್ನು ಕೋರ್ಟು ತಾನಾಗಿಯೇ ಪರಿಶೀಲಿಸಬಹುದು ಎಂದು ಸುಪ್ರೀಂ ಕೋರ್ಟು 2023ರ ಜನವರಿಯಲ್ಲಿ ಹೇಳಿದೆ. ಫೀಸಿನ ಚಿಂತೆಯನ್ನೂ ಬಿಡಿ. 1987ರ ಕಾನೂನು ಸೇವೆಗಳ ಕಾಯ್ದೆಯಲ್ಲಿ ಹೆಂಗಸರಿಗೆ, ಮಕ್ಕಳಿಗೆ, ಬಂಧನದಲ್ಲಿರುವವರಿಗೆ ಉಚಿತ ನೆರವು ಇದೆ. ನಾಗರಿಕರಾಗಿರಬೇಕು ಎಂದು ಅಲ್ಲಿ ಬರೆದಿಲ್ಲ. ಈ ಕುಟುಂಬದ ಮೂವರೂ ಅದರೊಳಗೆ ಬರುತ್ತಾರೆ. ನಿಮ್ಮ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಿ.

ಇನ್ನೊಂದು ವಿಷಯ ಬಹಳ ವಕೀಲರಿಗೆ ಹೊಳೆಯುವುದಿಲ್ಲ. ವಿದೇಶಿಯನ್ನು ಬಂಧಿಸಿದರೆ ಅವನ ದೂತಾವಾಸಕ್ಕೆ ತಿಳಿಸುವ ಪದ್ಧತಿ ಇದೆ. ಅದು 1963ರ ವಿಯೆನ್ನಾ ಒಪ್ಪಂದದಿಂದ ಬಂದದ್ದು. ಬಂಧಿತ ಕೇಳಿಕೊಂಡರೆ ತಿಳಿಸಬೇಕು ಎಂದು ಆ ಒಪ್ಪಂದ ಹೇಳುತ್ತದೆ. ಆತ ಬೇಡ ಎನ್ನಬಹುದು. ‘ನನ್ನ ಬಗ್ಗೆ ಮ್ಯಾನ್ಮಾರ್ ರಾಯಭಾರ ಕಚೇರಿಗೆ ತಿಳಿಸಬೇಡಿ, ಅದರಿಂದ ನನ್ನ ಮನೆಯವರಿಗೆ ಅಪಾಯ’ ಎಂದು ಜೈಲಿನ ಸೂಪರಿಂಟೆಂಡೆಂಟರಿಗೂ, ವಿದೇಶಿಯರ ನೋಂದಣಿ ನೋಡಿಕೊಳ್ಳುವ ಪೊಲೀಸ್ ಅಧಿಕಾರಿಗೂ ಬರವಣಿಗೆಯಲ್ಲಿ ಕೊಡಿಸಿ. ಸ್ವೀಕೃತಿ ತೆಗೆದುಕೊಳ್ಳಿ.

ಜಾಮೀನು ಸಿಕ್ಕ ತಕ್ಷಣ ಎಲ್ಲ ಮುಗಿಯಿತು ಎಂದುಕೊಳ್ಳಬೇಡಿ. ಜೈಲಿನಿಂದ ಬಿಟ್ಟವರನ್ನು ನೇರವಾಗಿ ವಿದೇಶಿಯರ ಕೇಂದ್ರಕ್ಕೆ ಕರೆದೊಯ್ಯುವುದೂ ಉಂಟು. ನಮ್ಮ ತುಮಕೂರು ರಸ್ತೆಯಲ್ಲಿ ನೆಲಮಂಗಲ ಇದೆಯಲ್ಲ, ಅಲ್ಲೇ ಹತ್ತಿರ ಸೊಂಡೆಕೊಪ್ಪದಲ್ಲಿ ಅಂಥ ಕೇಂದ್ರವಿದೆ. ಮೊದಲು ಅದು ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್ ಆಗಿತ್ತು. ಅಲ್ಲಿಗೆ ಹೋದವರನ್ನು ಹೊರಗೆ ತರುವುದು ಜೈಲಿನಿಂದ ತರುವುದಕ್ಕಿಂತ ಕಷ್ಟ. ಹಾಗಾಗಿ ಜಾಮೀನು ಅರ್ಜಿಯ ಜೊತೆಜೊತೆಗೇ ಬೆಂಗಳೂರಿನ ಹೈಕೋರ್ಟಿನಲ್ಲಿ 226ನೇ ವಿಧಿಯಡಿ ರಿಟ್ ಅರ್ಜಿಯೂ ತಯಾರಿರಲಿ. ಬೇಡಿಕೆ ಚಿಕ್ಕದಾಗಿರಲಿ. ಇವರಿಗೆ ಪೌರತ್ವ ಕೊಡಿ ಎಂದು ಕೇಳಬೇಡಿ. ಯುಎನ್‌ಎಚ್‌ಸಿಆರ್ ಮುಂದೆ ಹೋಗಲು ಬಿಡಿ, ಅಲ್ಲಿ ತೀರ್ಮಾನ ಆಗುವವರೆಗೆ ಗಡಿಪಾರು ಮಾಡಬೇಡಿ, ಗಂಡ ಹೆಂಡತಿ ಮಗುವನ್ನು ಬೇರೆ ಮಾಡಬೇಡಿ ಎಂದು ಕೇಳಿ. ಚಿಕ್ಕ ಬೇಡಿಕೆಯನ್ನು ಜಡ್ಜ್ ಧೈರ್ಯವಾಗಿ ಕೊಡಬಲ್ಲರು. ನಮ್ಮಲ್ಲಿ ಆಶ್ರಯದ ಕೇಸು ಗೆಲ್ಲುವುದೆಂದರೆ ಹೀಗೆ ದಿನಗಳನ್ನು ಸಂಪಾದಿಸುವುದು. ಮೂರು ತಿಂಗಳ ತಡೆ, ಆಮೇಲೆ ಯುಎನ್‌ಎಚ್‌ಸಿಆರ್‌ನ ಒಂದು ಕಾರ್ಡು, ಆಮೇಲೆ ಒಂದು ವೀಸಾ.

ವೀಸಾ ಎಂದೆ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕೇಂದ್ರ ಗೃಹ ಸಚಿವಾಲಯ 2011ರ ಡಿಸೆಂಬರ್‌ನಲ್ಲಿ ಎಲ್ಲ ರಾಜ್ಯಗಳಿಗೂ ಒಂದು ಕಾರ್ಯವಿಧಾನ ಕಳಿಸಿತು, 2019ರಲ್ಲಿ ಅದನ್ನು ಪರಿಷ್ಕರಿಸಿತು. ತಾನು ನಿರಾಶ್ರಿತ ಎನ್ನುವ ವಿದೇಶಿ ಬಂದರೆ ಏನು ಮಾಡಬೇಕು ಎಂಬುದು ಅದರಲ್ಲಿದೆ. ಅವನ ಭಯಕ್ಕೆ ಆಧಾರವಿದೆ ಎಂದು ಮೇಲ್ನೋಟಕ್ಕೆ ಕಂಡರೆ, ಭದ್ರತಾ ಪರಿಶೀಲನೆ ಮಾಡಿ ದೀರ್ಘಾವಧಿ ವೀಸಾಕ್ಕೆ ಶಿಫಾರಸು ಮಾಡಬಹುದು. ಆ ವೀಸಾ ಇದ್ದವರು ಖಾಸಗಿ ಕೆಲಸಕ್ಕೆ ಸೇರಬಹುದು, ಓದಬಹುದು. ಭಯಕ್ಕೆ ಕಾರಣಗಳ ಪಟ್ಟಿಯನ್ನು ಗಮನವಿಟ್ಟು ಓದಿ. 1951ರ ಒಪ್ಪಂದದಲ್ಲಿ ಇರುವುದು ಜನಾಂಗ, ಧರ್ಮ, ರಾಷ್ಟ್ರೀಯತೆ, ಸಾಮಾಜಿಕ ಗುಂಪು, ರಾಜಕೀಯ ಅಭಿಪ್ರಾಯ ಎಂಬ ಐದು. ನಮ್ಮ ಸಚಿವಾಲಯದ ಪಟ್ಟಿಯಲ್ಲಿ ಲಿಂಗವೂ ಇದೆ, ಜನಾಂಗೀಯ (ಎಥ್ನಿಕ್) ಗುರುತೂ ಇದೆ. ಸಹಿ ಹಾಕದ ದೇಶದ ಪಟ್ಟಿ ಸಹಿ ಹಾಕಿದವರ ಪಟ್ಟಿಗಿಂತ ದೊಡ್ಡದು! ಇದು ಆಡಳಿತದ ಸೂಚನೆ ಮಾತ್ರ, ಕಾಯ್ದೆಯಷ್ಟು ಬಲ ಇಲ್ಲ. ಆದರೂ ಸರ್ಕಾರದ್ದೇ ಕಾಗದ. ಅದನ್ನು ಪಾಲಿಸಿ ಎಂದು ಕೇಳುವುದರಲ್ಲಿ ತಪ್ಪೇನಿದೆ?

ಈಗ ಮುಖ್ಯ ಕೆಲಸಕ್ಕೆ ಬರುತ್ತೇನೆ. ತೀರ್ಪುಗಳನ್ನು ಯಾರು ಬೇಕಾದರೂ ಹುಡುಕಿ ಕೊಡಬಹುದು. ಆ ಹೆಂಗಸಿನ ಅಫಿಡವಿಟ್ ಬರೆಯುವುದು ಮಾತ್ರ ನಿಮ್ಮ ಕೈಯಲ್ಲಿದೆ. ಅದಕ್ಕೆ ಕಡಿಮೆ ಎಂದರೂ ನಾಲ್ಕೈದು ದಿನ ಇಡಿ. ಒಂದೇ ದಿನ ಕೂರಿಸಿ ಎಲ್ಲ ಕೇಳಬೇಡಿ.

ಮೊದಲು ಭಾಷೆ. ಮ್ಯಾನ್ಮಾರ್ ಎಂದ ತಕ್ಷಣ ಬರ್ಮೀಸ್ ದುಭಾಷಿಯನ್ನು ಹುಡುಕಬೇಡಿ. ಥಂಟ್ಲಾಂಗ್ ಕಡೆಯವರ ಮನೆಮಾತು ಲಾಯ್, ಅದನ್ನು ಹಾಖಾ ಚಿನ್ ಎಂದೂ ಕರೆಯುತ್ತಾರೆ. ಬರ್ಮೀಸ್ ಅವರಿಗೆ ಶಾಲೆಯ ಭಾಷೆ, ಸೈನಿಕರ ಭಾಷೆ. ನಮ್ಮ ಪಾವಗಡದ ಅಜ್ಜಿಯೊಬ್ಬರ ತೆಲುಗಿನ ಕತೆಯನ್ನು ಹಿಂದಿಯಲ್ಲಿ ಬರೆಸಿಕೊಂಡರೆ ಎಷ್ಟು ಉಳಿಯುತ್ತೆ ಹೇಳಿ? ದುಭಾಷಿ ಹೆಂಗಸಾಗಿದ್ದರೆ ಒಳ್ಳೆಯದು. ಅದೇ ಊರಿನವರು, ನೆಂಟರು ಬೇಡ. ಅವರ ಮುಂದೆ ಹೇಳಲಾಗದ ಮಾತುಗಳು ಇರುತ್ತವೆ. ಮಗನಿಂದ ಅನುವಾದ ಮಾಡಿಸುವುದಂತೂ ಖಂಡಿತ ಬೇಡ. ಆರು ವರ್ಷದ ಮಗುವಿಗೆ ಕನ್ನಡ ಚೆನ್ನಾಗಿ ಬರುತ್ತಿರಬಹುದು, ಆದರೆ ಅಮ್ಮನ ಆ ಮಾತುಗಳನ್ನು ಅದರ ಬಾಯಲ್ಲಿ ಹೇಳಿಸಬಾರದು.

ಶುರುವಿಗೇ ‘ಸೈನಿಕರು ಏನು ಮಾಡಿದರು’ ಎಂದು ಕೇಳಬೇಡಿ. ಮನೆ ಹೇಗಿತ್ತು, ಏನು ಬೆಳೆಯುತ್ತಿದ್ದಿರಿ, ಅಡುಗೆ ಮನೆಯ ಕಿಟಕಿಯಿಂದ ಏನು ಕಾಣುತ್ತಿತ್ತು ಎಂದು ಕೇಳಿ. ಮಾತು ತಾನಾಗಿಯೇ ಆ ದಿನಕ್ಕೆ ಬರುತ್ತದೆ. ಬಂದಾಗ ನಡುವೆ ಬಾಯಿ ಹಾಕಬೇಡಿ. ಅಳು ಬಂದರೆ ಪೆನ್ನು ಕೆಳಗಿಡಿ.

ತಾರೀಖಿನ ವಿಷಯದಲ್ಲಿ ಬಹಳ ಕೇಸುಗಳು ಕೆಡುತ್ತವೆ. ಪೊಲೀಸ್ ಹೇಳಿಕೆಯಲ್ಲಿ ಒಂದು ತಿಂಗಳು, ಅಫಿಡವಿಟ್‌ನಲ್ಲಿ ಇನ್ನೊಂದು ತಿಂಗಳು ಬಂದರೆ ‘ಸುಳ್ಳು ಹೇಳುತ್ತಿದ್ದಾರೆ’ ಎನ್ನುವುದು ಸುಲಭ. ಆದರೆ ನಮ್ಮ ಶಿರಾ, ಮಧುಗಿರಿ ಕಡೆಯ ರೈತ ಸಾಕ್ಷಿ ಹೇಳಲು ಬಂದರೆ ಏನನ್ನುತ್ತಾನೆ? ‘ಹುಣಸೆಹಣ್ಣು ಬಡಿಯೋ ಕಾಲ ಸ್ವಾಮಿ’, ‘ಸಿದ್ಧಗಂಗೆ ಜಾತ್ರೆ ಆದ ಮೇಲೆ’. ಅದು ಸುಳ್ಳಲ್ಲ, ಅದು ಅವನ ಕ್ಯಾಲೆಂಡರು. ಈ ಹೆಂಗಸಿಗೂ ಒಂದು ಕ್ಯಾಲೆಂಡರ್ ಇದೆ. ಚಿನ್ ಜನರಲ್ಲಿ ಹೆಚ್ಚಿನವರು ಕ್ರೈಸ್ತರು. ಕ್ರಿಸ್‌ಮಸ್‌ಗೆ ಎಷ್ಟು ಮುಂಚೆ, ಮಳೆ ನಿಂತಿತ್ತಾ, ಕೊಯ್ಲು ಆಗಿತ್ತಾ, ಮಗು ನಡೆಯುತ್ತಿತ್ತಾ ಅಥವಾ ಹೊತ್ತುಕೊಂಡು ಬಂದಿರಾ ಎಂದು ಕೇಳಿ. ಆ ಉತ್ತರಗಳನ್ನು ಹಾಗೇ ಬರೆಯಿರಿ. ಅಂದಾಜಿನ ತಾರೀಖನ್ನು ಅಂದಾಜು ಎಂದೇ ಬರೆಯಿರಿ. ಪೊಲೀಸ್ ಹೇಳಿಕೆಯಲ್ಲಿ ವ್ಯತ್ಯಾಸ ಇದ್ದರೆ ಮುಚ್ಚಿಡಬೇಡಿ. ಯಾವ ಭಾಷೆಯಲ್ಲಿ, ಯಾರ ಮುಂದೆ, ಎಷ್ಟು ಹೊತ್ತಿನಲ್ಲಿ ಆ ಹೇಳಿಕೆ ಆಯಿತು ಎಂದು ನೀವೇ ವಿವರಿಸಿ.

ಆಮೇಲೆ ಅವರ ಮಾತಿಗೆ ಹೊರಗಿನ ಸಾಕ್ಷಿ ಜೋಡಿಸಿ. ಥಂಟ್ಲಾಂಗ್‌ನ ವಿಷಯದಲ್ಲಿ ಇದು ಕಷ್ಟವಲ್ಲ. 2021ರ ಸೆಪ್ಟೆಂಬರ್‌ನಲ್ಲಿ ಆ ಊರಿಗೆ ಬೆಂಕಿ ಬಿತ್ತು. ಬೆಂಕಿ ಆರಿಸಲು ಹೋದ ಒಬ್ಬ ಪಾದ್ರಿಯನ್ನು ಗುಂಡಿಕ್ಕಿ ಕೊಂದರು. ಊರಿನ ಹೆಚ್ಚಿನ ಜನ ಓಡಿಹೋದರು. ಅಕ್ಟೋಬರ್ 29ರಂದು ಮತ್ತೆ ಹೊತ್ತಿ ನೂರಕ್ಕೂ ಜಾಸ್ತಿ ಮನೆಗಳು ಸುಟ್ಟವು. ಉಪಗ್ರಹ ಚಿತ್ರಗಳಿವೆ, ವಿಶ್ವಸಂಸ್ಥೆಯ ವರದಿಗಳಿವೆ. ಅವರ ಮನೆ ಯಾವ ಬೀದಿಯಲ್ಲಿತ್ತು ಎಂದು ಒಂದು ಹಾಳೆಯಲ್ಲಿ ನಕ್ಷೆ ಬರೆಸಿ. ಚರ್ಚು ಎಲ್ಲಿ, ಶಾಲೆ ಎಲ್ಲಿ, ಸಂತೆ ಎಲ್ಲಿ. ಅಕ್ಷರ ಬಾರದವರೂ ತಮ್ಮ ಊರಿನ ನಕ್ಷೆ ಬರೆಯುತ್ತಾರೆ. ಆ ನಕ್ಷೆ ಉಪಗ್ರಹ ಚಿತ್ರಕ್ಕೆ ಹೊಂದಿಕೊಂಡರೆ ಅದಕ್ಕಿಂತ ದೊಡ್ಡ ಗುರುತಿನ ಚೀಟಿ ಬೇಕಾ?

ಹೊಡೆತ, ಗಾಯದ ಗುರುತು ಇದ್ದರೆ ಜಿಲ್ಲಾ ಆಸ್ಪತ್ರೆಯಲ್ಲಿ ಬರೆಸಿ. ನಿದ್ದೆ ಬರುವುದಿಲ್ಲ, ಬೆಚ್ಚಿ ಬೀಳುತ್ತಾರೆ, ನೆನಪು ತುಂಡುತುಂಡಾಗಿದೆ ಎಂದು ಕಂಡರೆ ಬೆಂಗಳೂರಿನ ನಿಮ್ಹಾನ್ಸ್‌ಗೆ ಕರೆದುಕೊಂಡು ಹೋಗಿ. ಚಿತ್ರಹಿಂಸೆ ಅನುಭವಿಸಿದವರನ್ನು ಹೇಗೆ ಪರೀಕ್ಷಿಸಿ ದಾಖಲಿಸಬೇಕು ಎಂಬುದಕ್ಕೆ ವಿಶ್ವಸಂಸ್ಥೆಯ ಕೈಪಿಡಿಯೇ ಇದೆ, ಇಸ್ತಾಂಬುಲ್ ಪ್ರೊಟೊಕಾಲ್ ಎನ್ನುತ್ತಾರೆ. ಚಿಕಿತ್ಸೆ ಮೊದಲು, ವರದಿ ಆಮೇಲೆ.

ಹೆಂಡತಿಯನ್ನು ಒಬ್ಬರನ್ನೇ ಒಂದು ದಿನ ಕ್ಷೇಮವಾಗಿ ಕೂರಿಸಿ ಮಾತಾಡಿಸಿ. ಕೇಸು ಗಂಡನ ಮೇಲಿರಬಹುದು, ಆದರೆ ಅವರಿಗೆ ತಮ್ಮದೇ ಭಯ ಇರಬಹುದು. ಗಂಡನಿಗೂ ಹೇಳದೇ ಇದ್ದ ವಿಷಯ ಇರಬಹುದು. ನೀವು ಹೆಂಗಸಾಗಿರುವುದು ಇಲ್ಲಿ ದೊಡ್ಡ ಬಲ.

ಒಂದು ಎಚ್ಚರಿಕೆ ಕೊಡಲೇಬೇಕು. ಇಲ್ಲದ್ದನ್ನು ಸೇರಿಸಬೇಡಿ. ಕತೆ ಇನ್ನಷ್ಟು ಗಟ್ಟಿಯಾಗಲಿ ಎಂದು ಒಂದು ಸಾಲು ಹೆಚ್ಚಿಗೆ ಬರೆದರೆ, ಅದು ಸಿಕ್ಕಿಬಿದ್ದ ದಿನ ನಿಜವಾದ ಐವತ್ತು ಸಾಲುಗಳೂ ಬಿದ್ದುಹೋಗುತ್ತವೆ.

ಹೊರದೇಶಗಳ ಬಗ್ಗೆ ಕೇಳಿದ್ದೀರಿ. ಅಲ್ಲಿಂದ ಕಲಿಯುವುದು ಇದೆ. ಕೆನಡಾದ ಸುಪ್ರೀಂ ಕೋರ್ಟು 1985ರ ಏಪ್ರಿಲ್ 4ರಂದು ಕೊಟ್ಟ ತೀರ್ಪಿಗೆ ಸಿಂಗ್ ತೀರ್ಪು ಎಂದೇ ಹೆಸರು. ಹೆಚ್ಚಾಗಿ ನಮ್ಮ ದೇಶದಿಂದ ಹೋದ ಸಿಖ್ಖರ ಕೇಸು ಅದು. ಆಶ್ರಯ ಕೇಳಿದವರ ಕಾಗದ ನೋಡಿ, ಮುಖ ನೋಡದೆ ತಿರಸ್ಕರಿಸುವ ಪದ್ಧತಿ ಅಲ್ಲಿತ್ತು. ಒಬ್ಬರ ಮಾತು ನಂಬಬೇಕೋ ಬೇಡವೋ ಎನ್ನುವ ಪ್ರಶ್ನೆ ಇರುವಾಗ ಅವರನ್ನು ಎದುರಿಗೆ ಕೂರಿಸಿ ಕೇಳಲೇಬೇಕು ಎಂದು ಕೋರ್ಟು ಹೇಳಿತು. ಕೆನಡಾದಲ್ಲಿ ಇವತ್ತಿಗೂ ಏಪ್ರಿಲ್ 4 ನಿರಾಶ್ರಿತರ ಹಕ್ಕುಗಳ ದಿನ. ಅಮೆರಿಕದ ಸುಪ್ರೀಂ ಕೋರ್ಟು 1987ರಲ್ಲಿ ನಿಕರಾಗುವಾದ ಹೆಂಗಸೊಬ್ಬರ ಕೇಸಿನಲ್ಲಿ, ಅಪಾಯ ಆಗಿಯೇ ಆಗುತ್ತೆ ಎಂದು ತೋರಿಸಬೇಕಿಲ್ಲ, ನೂರಕ್ಕೆ ಹತ್ತರಷ್ಟು ಸಾಧ್ಯತೆ ಇದ್ದರೂ ಭಯಕ್ಕೆ ಆಧಾರ ಇರಬಹುದು ಎಂದಿತು. ಹತ್ತು ಬಾವಿಗಳಲ್ಲಿ ಒಂದಕ್ಕೆ ವಿಷ ಬಿದ್ದಿದೆ ಎಂದರೆ ನಾವು ಯಾವ ಬಾವಿಯ ನೀರು ಕುಡಿಯುತ್ತೇವೆ?

ಹೆಂಗಸರ ವಿಷಯದಲ್ಲಿ ಹೊಸ ಬೆಳಕು ಬಂದದ್ದು ಯುರೋಪಿನಿಂದ. ಬಲವಂತದ ಮದುವೆ, ಹೊಡೆತ, ವಿಚ್ಛೇದನ ಎಲ್ಲ ಆಗಿ, ವಾಪಸ್ ಹೋದರೆ ಮರ್ಯಾದೆಯ ಹೆಸರಲ್ಲಿ ಕೊಲ್ಲುತ್ತಾರೆ ಎಂದು ಬಲ್ಗೇರಿಯಾದಲ್ಲಿ ಆಶ್ರಯ ಕೇಳಿದವರು ಟರ್ಕಿ ದೇಶದ ಒಬ್ಬ ಕುರ್ದ್ ಹೆಂಗಸು. ಅವರ ಕೇಸಿನಲ್ಲಿ 2024ರ ಜನವರಿಯಲ್ಲಿ ಯುರೋಪಿಯನ್ ಒಕ್ಕೂಟದ ನ್ಯಾಯಾಲಯ, ಒಂದು ದೇಶದ ಹೆಂಗಸರೆಲ್ಲರೂ ಸೇರಿ ಒಂದು ಸಾಮಾಜಿಕ ಗುಂಪು ಆಗಬಲ್ಲರು ಎಂದಿತು. ಅದೇ ವರ್ಷ ಅಕ್ಟೋಬರ್ 4ರಂದು, ಅಫ್ಘಾನ್ ಹೆಂಗಸರ ವಿಷಯದಲ್ಲಿ ಅವರ ದೇಶ ಮತ್ತು ಅವರು ಹೆಂಗಸು ಎಂಬ ಎರಡನ್ನು ನೋಡಿದರೆ ಸಾಕು, ಬೇರೆ ವಿಶೇಷ ಅಪಾಯ ತೋರಿಸಬೇಕಿಲ್ಲ ಎಂದೂ ಹೇಳಿತು. ಎಲ್ಲ ಕಡೆ ಹೀಗೇ ಎಂದು ತಿಳಿಯಬೇಡಿ. ಅಮೆರಿಕದಲ್ಲಿ ಮನೆಯೊಳಗಿನ ಹಿಂಸೆಗೆ ಹೆದರಿ ಬಂದವರಿಗೆ 2014ರಲ್ಲಿ ಬಾಗಿಲು ತೆರೆಯಿತು, 2018ರಲ್ಲಿ ಮುಚ್ಚಿತು, 2021ರಲ್ಲಿ ತೆರೆಯಿತು, 2025ರಲ್ಲಿ ಮತ್ತೆ ಮುಚ್ಚಿತು. ಈ ವಿದೇಶಿ ತೀರ್ಪುಗಳು ನಮ್ಮ ಕೋರ್ಟಿಗೆ ಕಟ್ಟಳೆಯಲ್ಲ. ನಿಮ್ಮ ವಾದಕ್ಕೆ ಒಂದು ಪುಟ ಸಾಕು.

ನಮ್ಮ ರಾಜ್ಯದ ಉದಾಹರಣೆ ಇದಕ್ಕಿಂತ ಹತ್ತಿರದ್ದು. ಟಿಬೆಟ್‌ನಿಂದ ಬಂದವರಿಗೆ ನಿಜಲಿಂಗಪ್ಪನವರು ಮುಂದಾಗಿ ಬೈಲಕುಪ್ಪೆಯಲ್ಲಿ ಜಮೀನು ಕೊಟ್ಟರು. ಆಮೇಲೆ ಮುಂಡಗೋಡು, ಹುಣಸೂರು, ಕೊಳ್ಳೇಗಾಲದ ಕಡೆಯೂ ಅವರ ಊರುಗಳಾದವು. ಅವರಲ್ಲಿ 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಇಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತದ ಪ್ರಜೆಗಳು ಎಂದು ದೆಹಲಿ ಹೈಕೋರ್ಟು 2010ರಲ್ಲಿ ಹೇಳಿತು. ನಮ್ಮ ಹೈಕೋರ್ಟು 2013ರಲ್ಲಿ ಅದನ್ನೇ ಎತ್ತಿ ಹಿಡಿಯಿತು. ಕಾಯ್ದೆಯಲ್ಲಿ ಮೊದಲಿನಿಂದ ಇದ್ದ ಸಾಲು ಅದು. ಯಾರೋ ಒಬ್ಬರು ಕೇಳುವವರೆಗೆ ಯಾರೂ ಕೊಟ್ಟಿರಲಿಲ್ಲ. ಹೊಸ ಕಾಯ್ದೆಯ ಜೊತೆಗೆ ಬಂದ 2025ರ ವಿನಾಯಿತಿ ಆದೇಶದಲ್ಲೂ, ನಿಗದಿಯಾದ ತಾರೀಖಿನೊಳಗೆ ಬಂದು ನೋಂದಾಯಿಸಿಕೊಂಡ ಟಿಬೆಟಿಯನ್ನರು ಮತ್ತು ಶ್ರೀಲಂಕಾ ತಮಿಳರಿಗೆ ಶಿಕ್ಷೆಯಿಂದ ರಕ್ಷಣೆ ಇದೆ. ನಿಮ್ಮ ಕಕ್ಷಿದಾರರು ಆ ಪಟ್ಟಿಗೆ ಬರುವುದಿಲ್ಲ. ಆದರೆ ಓಡಿಬಂದವರನ್ನು ಬೇರೆಯಾಗಿ ನೋಡಬೇಕು ಎಂದು ಸರ್ಕಾರವೇ ಒಪ್ಪಿದೆ ಎಂದು ವಾದಿಸಲು ಅದು ಉಪಯೋಗಕ್ಕೆ ಬರುತ್ತದೆ.

ಎದುರಿನವರು ಏನು ಹೇಳುತ್ತಾರೆ ಎಂಬುದನ್ನೂ ತಿಳಿದಿರಿ. 2021ರ ಏಪ್ರಿಲ್ 8ರಂದು ಜಮ್ಮುವಿನಲ್ಲಿದ್ದ ರೋಹಿಂಗ್ಯಾ ಜನರ ಕೇಸಿನಲ್ಲಿ ಸುಪ್ರೀಂ ಕೋರ್ಟು ಅವರ ಬಿಡುಗಡೆಗೆ ಒಪ್ಪಲಿಲ್ಲ. ಗಡಿಪಾರಿನಿಂದ ರಕ್ಷಣೆ ಎನ್ನುವುದು ನಾಗರಿಕರಿಗಿರುವ ನೆಲೆಸುವ ಹಕ್ಕಿನ ಜೊತೆ ಸೇರಿದ್ದು ಎಂದಿತು. ಆದರೆ ನಿಗದಿತ ಕ್ರಮ ಪಾಲಿಸದೆ ಕಳಿಸಬಾರದು ಎಂದೂ ಹೇಳಿತು. ನಿಮ್ಮ ವಾದವನ್ನು ಆ ಕೊನೆಯ ಸಾಲಿನ ಮೇಲೆ ಕಟ್ಟಿ. 2025ರ ಮೇನಲ್ಲಿ ಶ್ರೀಲಂಕಾದ ಒಬ್ಬರ ಅರ್ಜಿ ತಳ್ಳುವಾಗ, ಎಲ್ಲೆಲ್ಲಿಂದಲೋ ಬಂದವರನ್ನೆಲ್ಲ ಇಟ್ಟುಕೊಳ್ಳಲು ಭಾರತ ಧರ್ಮಶಾಲೆಯಲ್ಲ ಎಂಬ ಮಾತು ಸುಪ್ರೀಂ ಕೋರ್ಟಿನಲ್ಲೇ ಬಂತು. ಪತ್ರಿಕೆಗಳಲ್ಲೆಲ್ಲ ಬಂದದ್ದರಿಂದ ಅದನ್ನು ನಿಮ್ಮ ಎದುರು ಖಂಡಿತ ಹೇಳುತ್ತಾರೆ. ಅದು ಭಯೋತ್ಪಾದನೆ ತಡೆ ಕಾಯ್ದೆಯಡಿ ಶಿಕ್ಷೆಯಾದವರ ಕೇಸು, ವಿಚಾರಣೆಯ ಹೊತ್ತಿನ ಮಾತು ಎಂದು ಶಾಂತವಾಗಿ ಬಿಡಿಸಿ ಹೇಳಿ. ಧರ್ಮಶಾಲೆ ಎಂಬ ಮಾತು ಕೇಳಿದಾಗ ನನಗೆ ನಮ್ಮ ಸಿದ್ಧಗಂಗೆ ನೆನಪಾಗುತ್ತದೆ. ಅನ್ನ, ಅಕ್ಷರ, ಆಶ್ರಯ ಎಂದು ಮೂರನ್ನು ಒಟ್ಟಿಗೆ ಇಟ್ಟ ಮಠದ ಊರಿನವಳು ನಾನು. ಕೋರ್ಟಿನಲ್ಲಿ ಇದನ್ನು ವಾದಿಸಲು ಬರುವುದಿಲ್ಲ. ಆದರೆ ಬೆಳಗ್ಗೆ ಎದ್ದು ಕೋರ್ಟಿಗೆ ಹೋಗಲು ಇದೂ ಬೇಕು.

ಇಷ್ಟರ ನಡುವೆ ಆ ಮಗುವನ್ನು ಮರೆಯಬೇಡಿ. ಶಿಕ್ಷಣದ ಹಕ್ಕಿನ 21ಎ ವಿಧಿ 6ರಿಂದ 14 ವರ್ಷದ ‘ಎಲ್ಲ ಮಕ್ಕಳಿಗೂ’ ಎನ್ನುತ್ತದೆ. ರೋಹಿಂಗ್ಯಾ ಮಕ್ಕಳ ವಿಷಯದಲ್ಲಿ 2025ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು, ಮೊದಲು ಸರ್ಕಾರಿ ಶಾಲೆಗೆ ಹೋಗಿ ಕೇಳಲಿ, ಕೊಡದಿದ್ದರೆ ಹೈಕೋರ್ಟಿಗೆ ಬರಲಿ ಎಂದಿದೆ. ಹೆಡ್‌ಮಾಸ್ತರರ ಬಳಿ ನೀವೇ ಜೊತೆಗೆ ಹೋಗಿ. ಆಧಾರ್ ಇಲ್ಲ ಎಂದರೆ ಜಗಳ ಆಡಬೇಡಿ, ಕೂತು ವಿವರಿಸಿ. ಹಳ್ಳಿ ಶಾಲೆಯ ಮೇಷ್ಟ್ರುಗಳು ಬಹಳ ಸಲ ನಾವು ಅಂದುಕೊಂಡಿದ್ದಕ್ಕಿಂತ ಒಳ್ಳೆಯವರಿರುತ್ತಾರೆ. ಶಾಲೆಯ ಹಾಜರಿ ಪುಸ್ತಕದಲ್ಲಿ ಹೆಸರು ಬಂದರೆ, ಈ ಕುಟುಂಬ ಎಲ್ಲೂ ಬಚ್ಚಿಟ್ಟುಕೊಂಡಿಲ್ಲ ಎಂದು ಜಾಮೀನಿನ ದಿನ ತೋರಿಸಲೂ ಬರುತ್ತದೆ.

ದೆಹಲಿಯ ಯುಎನ್‌ಎಚ್‌ಸಿಆರ್ ಕಚೇರಿಗೆ ಈ ವಾರವೇ ಬರೆಯಿರಿ. ಗಂಡ ಬಂಧನದಲ್ಲಿದ್ದಾನೆ ಎಂಬುದು ಪತ್ರದ ಮೊದಲ ಸಾಲಿನಲ್ಲೇ ಇರಲಿ. ಅಫಿಡವಿಟ್‌ನ ಕರಡು ಆದ ಮೇಲೆ ಹೆಸರು, ವಿಳಾಸ ತೆಗೆದು ನನಗೂ ಒಂದು ಪ್ರತಿ ಕಳಿಸಿ. ಭಾನುವಾರ ಕೂತು ಓದಿ, ಗುರುತು ಹಾಕಿ ಸೋಮವಾರ ಕೋರ್ಟು ಶುರುವಾಗುವ ಮುಂಚೆ ವಾಪಸ್ ಕಳಿಸುತ್ತೇನೆ.